ಬಡವರ ಮನೆಯ ದೀಪದ ಬಿಲ್ಲು: ಸರಕಾರದ ನೆರವೂ ಭೂಮಾಲಿಕರ ಕರ್ತವ್ಯವೂ

ಬೇಸಾಯದ ಅಭಿವೃದ್ಧಿಗೆ ಒಳ್ಳೆಯ ಬೀಜ, ಸಾಕಷ್ಟು ಗೊಬ್ಬರ, ಕಾಲಕಾಲಕ್ಕೆ ನೀರು, ಇವು ಮುಖ್ಯವೆಂಬುದನ್ನು ವಾಚಕರಿಗೆ ಮತ್ತೆ ಹೇಳಬೇಕಾದುದಿಲ್ಲ. ಆದರೆ ಗದ್ದೆಯಲ್ಲಿ ನೇಜಿ ನೆಡುವವರ, ತೋಟದಲ್ಲಿ ಅಡಿಕೆ ಕೊಯ್ಯುವವರ ಮನೆಗಳ ಸ್ಥಿತಿಯೂ ಬೇಸಾಯದ ಸ್ಥಿತಿಯೊಡನೆ ಹೆಣೆದುಕೊಂಡಿರುವುದೆಂಬ ಸಂಗತಿಯು ಅನೇಕ ವೇಳೆ ಮರೆತುಹೋಗುವುದು. ಕಾರ್ಕಳದ ಸೀಮೆಯಲ್ಲಿ ಹಗಲೆಲ್ಲ ಕೂಲಿಗೆ ಹೋಗಿ ಬಂದ ಹೆಂಗಸರು ರಾತ್ರಿ ದೀಪದ ಬೆಳಕಿನಲ್ಲಿ ಬೀಡಿ ಕಟ್ಟುವರು. ಅದೇ ದೀಪದ ಕೆಳಗೆ ಮಕ್ಕಳು ಪಾಠ ಓದುವರು. ಕಾಪುವಿನ ಕಡಲ ಕರೆಯಲ್ಲಿ ಮೀನುಗಾರರ ಸಂಸಾರಗಳ ಸ್ಥಿತಿಯೂ ಇದೇ ಬಗೆಯದು. ಬಿಲ್ಲು ಕಟ್ಟಲಾರದೆ ತಂತಿ ಕಡಿಸಿಕೊಂಡ ಮನೆಯಲ್ಲಿ ಒಂದು ಸಂಜೆಯ ದುಡಿಮೆಯೂ ಓದೂ ಒಟ್ಟಿಗೆ ನಿಂತುಹೋಗುವುವು.

ಇಂಥ ಮನೆಗಳ ವಿದ್ಯುಚ್ಛಕ್ತಿಯ ವೆಚ್ಚವನ್ನು ವಹಿಸಲು ರಾಜ್ಯ ಸರಕಾರವು ೨೦೨೩ನೆಯ ಇಸವಿಯಿಂದ ಗೃಹಜ್ಯೋತಿ ಎಂಬ ಯೋಜನೆಯನ್ನು ನಡೆಯಿಸುತ್ತಲಿದೆ. ಅದರ ಹೆಸರನ್ನು ಕೇಳದವರು ಹಳ್ಳಿಗಳಲ್ಲಿ ಯಾರೂ ಇರಲಾರರು. ಹಾಗಿದ್ದರೂ ಅದರ ನಿಯಮಗಳನ್ನು ಸರಿಯಾಗಿ ತಿಳಿದವರು ಕಡಮೆ. ಈ ನೆರವು ಸಲ್ಲುವುದು ಮನೆಯವನ ಬಡತನವನ್ನು ನೋಡಿ ಅಲ್ಲ. ಮನೆಯ ಮೀಟರನ್ನು ನೋಡಿ. ತನ್ನದೆಂಬ ಮೀಟರಿಲ್ಲದ ಬಡವನಿಗೆ ಈ ನೆರವು ತಲಪುವುದಿಲ್ಲ. ಹಳ್ಳಿಯ ಬಡವನ ಮನೆಯು ಭೂಮಾಲಿಕನ ಜಾಗದಲ್ಲಿಯೋ ಭೂಮಾಲಿಕನ ತಂತಿಯಲ್ಲಿಯೋ ಇರುವ ಕಡೆಗಳಲ್ಲಿ ಈ ವಿಷಯವು ಬಡವನೊಬ್ಬನದೇ ಆಗಿರದೆ ಭೂಮಾಲಿಕರದೂ ಊರ ಮುಖಂಡರದೂ ಆಗಿ ಪರಿಣಮಿಸುವುದು. ಆದ ಕಾರಣ ಇದನ್ನು ಸ್ವಲ್ಪ ವಿಸ್ತಾರವಾಗಿ ವಿವರಿಸುವುದು ಯುಕ್ತವಾಗಿದೆ.

ಹಿಂದಿನ ಕ್ರಮಗಳು

ಬಡವರ ದೀಪಕ್ಕೆ ಸರಕಾರವು ಹಣ ಕೊಡುವುದು ಹೊಸ ಸಂಗತಿಯಲ್ಲ. ಚಿಮಿಣಿ ದೀಪದ ಕಾಲದಲ್ಲಿ ನ್ಯಾಯಬೆಲೆ ಅಂಗಡಿಗಳ ಮೂಲಕ ಸೀಮೆ ಎಣ್ಣೆಯನ್ನು ಕಡಮೆ ಬೆಲೆಗೆ ಹಂಚುತ್ತಿದ್ದುದು ಇದೇ ಉದ್ದೇಶದಿಂದ. ಮುಂದೆ ೧೯೮೮-೮೯ರಲ್ಲಿ ಕೇಂದ್ರ ಸರಕಾರವು ಕುಟೀರಜ್ಯೋತಿ ಯೋಜನೆಯನ್ನು ಆರಂಭಿಸಿ, ಬಡತನದ ರೇಖೆಗಿಂತ ಕೆಳಗಿದ್ದ ಗ್ರಾಮೀಣ ಸಂಸಾರಗಳಿಗೆ ಒಂದೊಂದು ದೀಪದ ಸಂಪರ್ಕವನ್ನು ಕೊಡಿಸಿತು. ನಮ್ಮ ರಾಜ್ಯದ ಭಾಗ್ಯಜ್ಯೋತಿಯೂ ಅದೇ ಬಗೆಯದಾಗಿತ್ತು. ಈ ಎರಡು ವರ್ಗಗಳ ಮನೆಗಳಿಗೆ ತಿಂಗಳಿಗೆ ೪೦ ಯೂನಿಟ್ಟುಗಳವರೆಗೆ ಬಿಲ್ಲು ಇರಲಿಲ್ಲ. ೨೦೨೨ರಲ್ಲಿ ಬಂದ ಅಮೃತಜ್ಯೋತಿಯ ಮೂಲಕ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಬಡ ಸಂಸಾರಗಳಿಗೆ ೭೫ ಯೂನಿಟ್ಟುಗಳವರೆಗೆ ರಿಯಾಯಿತಿ ದೊರೆಯಿತು. ಈ ಯೋಜನೆಗಳ ಫಲಾನುಭವಿಗಳನ್ನು ತರುವಾಯ ಗೃಹಜ್ಯೋತಿಯೊಳಗೆ ಸೇರಿಸಿಕೊಳ್ಳಲಾಯಿತು.

ಹೊರದೇಶಗಳಲ್ಲಿಯೂ ಇಂಥ ಏರ್ಪಾಡುಗಳಿರುವುವು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೯೮೧ರ ಒಂದು ಶಾಸನದ ಪ್ರಕಾರ ಕೇಂದ್ರದಿಂದ ಸಂಸ್ಥಾನಗಳಿಗೆ ಹಣ ಹೋಗುವುದು. ಆದಾಯ ಕಡಮೆಯಿರುವ ಸಂಸಾರದವರು ಅರ್ಜಿ ಹಾಕಿಕೊಂಡು ಚಳಿಗಾಲದಲ್ಲಿ ಮನೆ ಕಾಯಿಸುವ ವೆಚ್ಚಕ್ಕೆ ಅದರಿಂದ ನೆರವು ಪಡೆಯುವರು. ಇಂಗ್ಲೆಂಡಿನಲ್ಲಿ ೧೯೯೭ರಿಂದ ವೃದ್ಧರಿಗೆ ಚಳಿಗಾಲದ ಉರುವಲಿಗೆಂದು ಹಣ ಕೊಡುವ ಪದ್ಧತಿಯಿದೆ. ಅಲ್ಲಿ ೨೦೨೪ರಲ್ಲಿ ಅದನ್ನು ಬಡ ವೃದ್ಧರಿಗೆ ಮಾತ್ರವೆಂದು ಕುಗ್ಗಿಸಿ, ೨೦೨೫ರಲ್ಲಿ ಮತ್ತೆ ವಿಸ್ತರಿಸಬೇಕಾಯಿತು. ಯಾರಿಗೆ ಕೊಡಬೇಕು, ಯಾರಿಗೆ ಕೂಡದೆಂದು ಗೆರೆ ಎಳೆಯುವುದು ಎಲ್ಲ ದೇಶಗಳಲ್ಲಿಯೂ ಕಷ್ಟವೆಂಬುದು ಇದರಿಂದ ತಿಳಿಯುವುದು. ಆ ದೇಶಗಳಲ್ಲಿ ಆದಾಯವನ್ನೂ ವಯಸ್ಸನ್ನೂ ನೋಡುವರು. ಗೃಹಜ್ಯೋತಿಯಲ್ಲಾದರೋ ಆದಾಯದ ವಿಚಾರಣೆಯೇ ಇಲ್ಲ. ಯೂನಿಟ್ಟುಗಳ ಲೆಕ್ಕವೊಂದೇ ಇರುವುದು. ಇದರಿಂದ ಅರ್ಜಿಯ ತೊಂದರೆಯು ಕಡಮೆಯಾಗಿದೆ. ಆದರೆ ಲೆಕ್ಕವನ್ನರಿಯದವನಿಗೆ ನಷ್ಟದ ಸಂಭವವು ಹೆಚ್ಚಾಗಿದೆ.

ಗೃಹಜ್ಯೋತಿಯ ಮುಖ್ಯ ನಿಯಮಗಳು

ಈ ಯೋಜನೆಯ ನೋಂದಣಿಯು ೨೦೨೩ನೆಯ ಜೂನ್ ತಿಂಗಳಿನಲ್ಲಿ ಆರಂಭವಾಯಿತು. ಜುಲೈ ತಿಂಗಳಿನ ಬಳಕೆಗೆ ಆಗಸ್ಟಿನಲ್ಲಿ ಕೊಡಲಾದ ಬಿಲ್ಲುಗಳಿಂದ ನೆರವು ಸಲ್ಲತೊಡಗಿತು. ವಾಸದ ಮನೆಗಳಿಗೆ ಮಾತ್ರ ಇದು ಅನ್ವಯಿಸುವುದು. ಅಂಗಡಿ, ಹೋಟೆಲು ಮೊದಲಾದ ವ್ಯಾಪಾರದ ಸ್ಥಳಗಳಿಗೆ ಸಲ್ಲುವುದಿಲ್ಲ.

"ಎರಡು ನೂರು ಯೂನಿಟ್ಟು ಪುಕ್ಕಟೆ" ಎಂಬ ಮಾತು ಎಲ್ಲೆಡೆಯೂ ಹಬ್ಬಿದೆ. ಆ ಮಾತು ಅರ್ಧ ನಿಜ. ೨೦೦ ಯೂನಿಟ್ಟು ಎಂಬುದು ಹೊರಗಿನ ಬೇಲಿ. ಅದರೊಳಗೆ ಪ್ರತಿಯೊಂದು ಮನೆಗೂ ಅದರದೇ ಆದ ಒಂದು ಮಿತಿಯಿದೆ. ೨೦೨೨-೨೩ನೆಯ ವರ್ಷದಲ್ಲಿ ಆ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ಟು ಬಳಸಿದ್ದರೋ ಅದಕ್ಕೆ ನೂರಕ್ಕೆ ೧೦ರಂತೆ ಕೂಡಿಸಿದರೆ ಬರುವ ಮೊತ್ತವೇ ಆ ಮಿತಿ. ಈ ಮಿತಿಯೊಳಗೆ ಬಳಸಿದವರಿಗೆ ಸೊನ್ನೆ ಬಿಲ್ಲು ಬರುವುದು. ಮಿತಿಯನ್ನು ದಾಟಿ ೨೦೦ರೊಳಗೆ ಇದ್ದವರು ಹೆಚ್ಚಾದ ಯೂನಿಟ್ಟುಗಳ ಮೊಬಲಗನ್ನು ಮಾತ್ರ ಕಟ್ಟತಕ್ಕದ್ದು. ೨೦೦ನ್ನು ಮೀರಿದರೆ ಆ ತಿಂಗಳಿನ ಪೂರ್ಣ ಬಿಲ್ಲನ್ನು ಕಟ್ಟತಕ್ಕದ್ದು.

ಉದಾಹರಣೆಗೆ, ಒಂದು ಮನೆಯ ಹಿಂದಿನ ಸರಾಸರಿಯು ೬೦ ಯೂನಿಟ್ಟು ಎಂದಿಟ್ಟುಕೊಳ್ಳೋಣ. ಅದರ ಮಿತಿ ೬೬. ಒಂದು ತಿಂಗಳು ೮೦ ಯೂನಿಟ್ಟು ಬಳಸಿದರೆ ೧೪ ಯೂನಿಟ್ಟುಗಳಿಗೆ ಹಣ ಕೊಡಬೇಕಾಗುವುದು. ೨೦೨೪ರ ಏಪ್ರಿಲಿನಿಂದ ಮನೆಬಳಕೆಗೆ ಇದ್ದ ಬೇರೆ ಬೇರೆ ದರಗಳನ್ನು ತೆಗೆದು, ಯೂನಿಟ್ಟಿಗೆ ೫ ರೂ. ೯೦ ಪೈಸೆಯ ಒಂದೇ ದರವನ್ನು ಗೊತ್ತುಮಾಡಲಾಯಿತು. ಆ ದರದ ಮೇರೆಗೆ ಈ ಮನೆಯವರು ಕೊಡಬೇಕಾದುದು ೮೨ ರೂ. ೬೦ ಪೈಸೆ, ತೆರಿಗೆ ಬೇರೆ.

ತೀರ ಸಣ್ಣ ಮನೆಗಳಿಗೆ ನೂರಕ್ಕೆ ೧೦ರ ಹೆಚ್ಚುವರಿಯಿಂದ ಪ್ರಯೋಜನವು ಸ್ವಲ್ಪವೇ ಆಗುತ್ತಿದ್ದಿತು. ತಿಂಗಳಿಗೆ ೩೦ ಯೂನಿಟ್ಟು ಬಳಸುವವನಿಗೆ ಅದರಿಂದ ಸಿಕ್ಕುತ್ತಿದ್ದುದು ೩ ಯೂನಿಟ್ಟು ಮಾತ್ರ. ಆದುದರಿಂದ ೨೦೨೪ನೆಯ ಜನವರಿಯಲ್ಲಿ ಮಂತ್ರಿಮಂಡಲವು ಸರಾಸರಿ ೪೮ ಯೂನಿಟ್ಟಿಗಿಂತ ಕಡಮೆ ಬಳಸುವವರಿಗೆ ನೇರವಾಗಿ ೧೦ ಯೂನಿಟ್ಟುಗಳನ್ನು ಕೂಡಿಸಲು ನಿಶ್ಚಯಿಸಿತು. ಹಿಂದಿನ ಬಳಕೆಯ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿಯಾದ ೫೩ ಯೂನಿಟ್ಟಿಗೆ ನೂರಕ್ಕೆ ೧೦ ಸೇರಿಸಿ ೫೮ ಯೂನಿಟ್ಟುಗಳ ಮಿತಿಯನ್ನು ಇಡಲಾಗಿದೆ.

ಒಬ್ಬನ ಹೆಸರಿನಲ್ಲಿ ಒಂದೇ ಸಂಪರ್ಕಕ್ಕೆ ಈ ನೆರವು ದೊರೆಯುವುದು. ಆದರೆ ಮನೆಯು ಸ್ವಂತದ್ದೇ ಆಗಿರಬೇಕೆಂಬ ನಿರ್ಬಂಧವಿಲ್ಲ. ಬಾಡಿಗೆಗೆ ಇರುವವನೂ ತನ್ನ ಆಧಾರ್ ಸಂಖ್ಯೆಯನ್ನೂ ತಾನು ವಾಸಿಸುವ ಮನೆಯ ಮೀಟರಿನ ಖಾತೆ ಸಂಖ್ಯೆಯನ್ನೂ ಕೊಟ್ಟು, ಅಲ್ಲಿ ವಾಸವಾಗಿರುವುದಕ್ಕೆ ಕರಾರುಪತ್ರವನ್ನಾಗಲಿ ಮತದಾರರ ಗುರುತಿನ ಚೀಟಿಯನ್ನಾಗಲಿ ತೋರಿಸಿ ನೋಂದಾಯಿಸಿಕೊಳ್ಳಬಹುದು. ಮಣಿಪಾಲದಂಥ ಪೇಟೆಯಲ್ಲಿ ಬಾಡಿಗೆಯ ಕೋಣೆಗಳಲ್ಲಿದ್ದು ಕೆಲಸ ಮಾಡುವವರಿಗೆ ಇದು ಮುಖ್ಯವಾದ ವಿಷಯ. ಅಂಥವರು ಮನೆ ಬದಲಿಸಿದರೆ ಹಳೆಯ ಮೀಟರಿನಿಂದ ತಮ್ಮ ಆಧಾರನ್ನು ಬಿಡಿಸಿಕೊಂಡು ಹೊಸದಕ್ಕೆ ಸೇರಿಸಿಕೊಳ್ಳಲು ೨೦೨೪ರಲ್ಲಿ ಅನುಕೂಲ ಮಾಡಿಕೊಡಲಾಯಿತು.

ಒಂದು ಮೀಟರಿನಿಂದ ಎರಡು ಮನೆ

ಹಳ್ಳಿಗಳಲ್ಲಿ ದೊಡ್ಡ ಮನೆಯ ಅಂಗಳದ ಆಚೆ, ತೋಟದ ಕರೆಯಲ್ಲಿ, ಕೆಲಸದವರ ಒಂದೆರಡು ಮನೆಗಳಿರುವುದು ವಾಡಿಕೆ. ದೊಡ್ಡ ಮನೆಯ ಮೀಟರಿನಿಂದಲೇ ತಂತಿಯೆಳೆದು ಆ ಮನೆಗಳಿಗೂ ದೀಪ ಕೊಟ್ಟಿರುವ ಭೂಮಾಲಿಕರುಂಟು. ಇದು ದಯೆಯಿಂದ ಮಾಡಿದ ಉಪಕಾರವೇ ಸರಿ. ಕೆಲವೆಡೆಗಳಲ್ಲಿ ಅದಕ್ಕೆ ಏನನ್ನೂ ತೆಗೆದುಕೊಳ್ಳುವುದಿಲ್ಲ. ಕೆಲವೆಡೆಗಳಲ್ಲಿ ಕೂಲಿಯಿಂದ ಇಷ್ಟು ಎಂದು ಮುರಿದುಕೊಳ್ಳುವುದುಂಟು. ಹೇಗಾದರೂ ಇರಲಿ, ಗೃಹಜ್ಯೋತಿಯು ಬಂದ ಬಳಿಕ ಈ ಏರ್ಪಾಡು ಎರಡು ಮನೆಯವರಿಗೂ ನಷ್ಟವನ್ನುಂಟುಮಾಡುತ್ತಿದೆ.

ಲೆಕ್ಕವನ್ನು ನೋಡಿರಿ. ದೊಡ್ಡ ಮನೆಯವರು ತಿಂಗಳಿಗೆ ೧೫೦ ಯೂನಿಟ್ಟು, ಕೆಲಸದವನ ಮನೆಯವರು ೫೫ ಯೂನಿಟ್ಟು ಬಳಸುವರೆಂದು ಭಾವಿಸೋಣ. ಎರಡೂ ಒಂದೇ ಮೀಟರಿನಲ್ಲಿದ್ದರೆ ಮೊತ್ತವು ೨೦೫ ಯೂನಿಟ್ಟು. ಬೇಲಿಯನ್ನು ದಾಟಿದ್ದು ೫ ಯೂನಿಟ್ಟು ಮಾತ್ರ. ಆದರೆ ಕಟ್ಟಬೇಕಾದುದು ಪೂರ್ಣ ಬಿಲ್ಲು. ಯೂನಿಟ್ಟಿಗೆ ೫ ರೂ. ೯೦ ಪೈಸೆಯ ಮೇರೆಗೆ ಅದು ೧,೨೦೯ ರೂ. ೫೦ ಪೈಸೆ, ನಿಗದಿತ ಶುಲ್ಕ, ತೆರಿಗೆಗಳು ಬೇರೆ. ಕೆಲಸದವನ ಮನೆಗೆ ಪ್ರತ್ಯೇಕ ಮೀಟರು ಇದ್ದಿದ್ದರೆ ಅದು ಹೊಸ ಸಂಪರ್ಕವಾದುದರಿಂದ ೫೮ ಯೂನಿಟ್ಟುಗಳ ಮಿತಿ ಸಿಕ್ಕಿ, ಅವನ ೫೫ ಯೂನಿಟ್ಟಿಗೆ ಬಿಲ್ಲೇ ಇರುತ್ತಿರಲಿಲ್ಲ. ದೊಡ್ಡ ಮನೆಯ ಮೀಟರಿನ ಹಿಂದಿನ ಸರಾಸರಿಯು ೧೭೦ ಯೂನಿಟ್ಟು ಆಗಿದ್ದರೆ ಅದರ ಮಿತಿಯು ೧೮೭. ಆದ ಕಾರಣ ಅವರ ೧೫೦ ಯೂನಿಟ್ಟಿಗೂ ಬಿಲ್ಲು ಇರುತ್ತಿರಲಿಲ್ಲ. ಎರಡು ಮನೆಗಳೂ ನೆರವಿಗೆ ಅರ್ಹವಾಗಿದ್ದು, ಒಂದು ತಂತಿಯ ದೆಸೆಯಿಂದ ಎರಡೂ ಅದನ್ನು ಕಳೆದುಕೊಂಡಂತಾಯಿತು.

ಇನ್ನೊಂದು ಅಪಾಯವೂ ಇದೆ. ಒಂದು ನಿವೇಶನಕ್ಕೆಂದು ಪಡೆದ ವಿದ್ಯುಚ್ಛಕ್ತಿಯನ್ನು ಬೇರೊಂದು ನಿವೇಶನಕ್ಕೆ ಒಯ್ಯುವುದು ೨೦೦೩ನೆಯ ವಿದ್ಯುಚ್ಛಕ್ತಿ ಶಾಸನದ ೧೨೬ನೆಯ ಕಲಮಿನ ಪ್ರಕಾರ ಅನಧಿಕೃತ ಬಳಕೆಯೆನಿಸುವುದು. ಅಂಥ ಬಳಕೆಗೆ ಎರಡರಷ್ಟು ದರವನ್ನು ವಿಧಿಸಲು ಅವಕಾಶವಿದೆ. ಉಪಕಾರಕ್ಕೆಂದು ಎಳೆದ ತಂತಿಯು ದಂಡಕ್ಕೆ ಕಾರಣವಾಗಬಾರದಷ್ಟೆ.

ಭೂಮಾಲಿಕರ ಶಂಕೆಗೆ ಸಮಾಧಾನ

ಕೆಲಸದವನ ಮನೆಗೆ ಬೇರೆ ಮೀಟರು ಹಾಕಿಸಲು ಭೂಮಾಲಿಕರು ಹಿಂಜರಿಯುವುದಕ್ಕೆ ಒಂದು ಮುಖ್ಯ ಕಾರಣವುಂಟು. ಅದನ್ನು ಬಾಯಿಬಿಟ್ಟು ಹೇಳುವವರು ವಿರಳ. ಮೀಟರು ಅವನ ಹೆಸರಿಗೆ ಬಂದರೆ ನಾಳೆ ಜಾಗವೂ ಅವನದೇ ಆದೀತೆಂಬುದೇ ಆ ಶಂಕೆ. ೧೯೭೪ರ ಭೂಸುಧಾರಣೆಯನ್ನು ಕಂಡ ಮನೆತನಗಳಲ್ಲಿ ಈ ಶಂಕೆಯು ಇಂದಿಗೂ ಉಳಿದಿರುವುದು ಆಶ್ಚರ್ಯವಲ್ಲ.

ಇದನ್ನು ಶಾಂತವಾಗಿ ವಿಚಾರಿಸಬೇಕು. ವಿದ್ಯುತ್ತಿನ ಬಿಲ್ಲು ಭೂಮಿಯ ಹಕ್ಕುಪತ್ರವಲ್ಲ. ಹಕ್ಕು ನಿರ್ಣಯವಾಗುವುದು ದಸ್ತಾವೇಜುಗಳಿಂದ ಮತ್ತು ಶಾಸನದಿಂದ. ವ್ಯವಸಾಯ ಕೂಲಿಗಾರನ ವಾಸದ ಮನೆಯ ಕುರಿತು ಭೂಸುಧಾರಣಾ ಶಾಸನವು ಅವನಿಗೆ ಹಕ್ಕನ್ನು ಕೊಡುವ ಸಂದರ್ಭಗಳಲ್ಲಿ ಆ ಹಕ್ಕು ಮೀಟರು ಇದ್ದರೂ ಬರುವುದು, ಇಲ್ಲದಿದ್ದರೂ ಬರುವುದು. ಶಾಸನವು ಕೊಡದ ಕಡೆ ಮೀಟರೊಂದರಿಂದಲೇ ಅದು ಹುಟ್ಟುವುದಿಲ್ಲ. ಹೀಗಿರಲಾಗಿ ದೀಪವನ್ನು ತಡೆಯುವುದರಿಂದ ಭೂಮಿಯ ರಕ್ಷಣೆಯಾಗುವುದೆಂಬ ಭಾವನೆಗೆ ಆಧಾರವಿಲ್ಲ. ಇದಲ್ಲದೆ ೨೦೦೩ರ ಶಾಸನದ ೪೩ನೆಯ ಕಲಮು ನಿವೇಶನದ ಮಾಲಿಕನಿಗೆ ಮಾತ್ರವಲ್ಲದೆ ಅದರಲ್ಲಿ ವಾಸಿಸುವವನಿಗೂ ಸಂಪರ್ಕವನ್ನು ಕೇಳುವ ಅಧಿಕಾರವನ್ನು ಕೊಟ್ಟಿದೆ.

ಅಷ್ಟಾಗಿಯೂ ಸಮಾಧಾನವಾಗದವರಿಗೆ ಇನ್ನೊಂದು ಮಾರ್ಗವಿದೆ. ಪ್ರತ್ಯೇಕ ಮೀಟರನ್ನು ಭೂಮಾಲಿಕನು ತನ್ನ ಹೆಸರಿನಲ್ಲಿಯೇ ಹಾಕಿಸಬಹುದು. ಗೃಹಜ್ಯೋತಿಯ ನೋಂದಣಿಯನ್ನು ಮಾತ್ರ ಆ ಮನೆಯಲ್ಲಿ ವಾಸಿಸುವವನ ಆಧಾರಿನ ಮೇಲೆ ಮಾಡಿಸಿದರಾಯಿತು. ಮಾಲಿಕನ ಹೆಸರಿನಲ್ಲಿ ಮೂರು ಮೀಟರುಗಳಿದ್ದರೂ ಅವುಗಳಲ್ಲಿ ಒಂದಕ್ಕೆ ಮಾಲಿಕನೂ, ಉಳಿದವುಗಳಿಗೆ ಅಲ್ಲಲ್ಲಿನ ವಾಸಿಗಳೂ ನೋಂದಾಯಿಸಿಕೊಳ್ಳಬಹುದು. ಈ ಸಂಗತಿಯನ್ನು ತಿಳಿಯದೆ, "ಮೀಟರು ಧನಿಗಳ ಹೆಸರಿನಲ್ಲಿದೆ, ನಮಗೆ ಸಿಕ್ಕದು" ಎಂದು ಸುಮ್ಮನಿರುವ ಕೂಲಿಯವರಿಗೆ ಧನಿಗಳೇ ತಿಳಿಸಿಹೇಳತಕ್ಕದ್ದು.

ಹಳೆಯ ಮನೆಗಳಲ್ಲಿ ಮೀಟರು ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಉಳಿದಿರುವುದೂ ಉಂಟು. ಅಂಥ ಖಾತೆಯನ್ನು ಬದುಕಿರುವವರ ಹೆಸರಿಗೆ ವರ್ಗಾಯಿಸಿಕೊಂಡರೆ ನೋಂದಣಿಗೂ ಮುಂದಿನ ಎಲ್ಲ ವ್ಯವಹಾರಕ್ಕೂ ಅನುಕೂಲವಾಗುವುದು.

ಮನೆಯ ಮೀಟರೂ ತೋಟದ ಪಂಪೂ

ಸಣ್ಣ ಹಿಡುವಳಿದಾರರು ಮಾಡುವ ತಪ್ಪು ಬೇರೊಂದು ಬಗೆಯದು. ಕಾಪು ತಾಲೂಕಿನ ಮಟ್ಟುವಿನಲ್ಲಿ ಭತ್ತದ ಕೊಯ್ಲಾದ ಮೇಲೆ ಪ್ರಸಿದ್ಧವಾದ ಗುಳ್ಳವನ್ನು ಬೆಳೆಯುವಂತೆ, ಕರಾವಳಿಯ ಬೇರೆ ಊರುಗಳಲ್ಲಿಯೂ ಮನೆಯ ಸುತ್ತ ತರಕಾರಿ, ತೆಂಗು, ಅಡಿಕೆಗಳನ್ನು ಬೆಳೆದು ಬಾವಿಯಿಂದ ನೀರು ಹಾಯಿಸುವರು. ಬಾವಿಯು ಮನೆಯ ಹತ್ತಿರವೇ ಇರುವುದರಿಂದ ಪಂಪಿನ ತಂತಿಯನ್ನು ಮನೆಯ ಮೀಟರಿಗೇ ಸೇರಿಸುವುದು ಸುಲಭವಾಗಿ ತೋರುವುದು.

ಒಂದು ಅಶ್ವಶಕ್ತಿಯ ಪಂಪು ಗಂಟೆಗೆ ಕಡಮೆಯೆಂದರೂ ಮುಕ್ಕಾಲು ಯೂನಿಟ್ಟನ್ನು ತೆಗೆದುಕೊಳ್ಳುವುದು. ಎರಡು ಅಶ್ವಶಕ್ತಿಯದನ್ನು ದಿನಕ್ಕೆ ೩ ಗಂಟೆ ನಡೆಯಿಸಿದರೆ ತಿಂಗಳಿಗೆ ೧೩೫ ಯೂನಿಟ್ಟು ಆಗುವುದು. ಮನೆಯ ಬಳಕೆಯು ೮೦ ಯೂನಿಟ್ಟು ಆಗಿದ್ದರೆ ಮೊತ್ತವು ೨೧೫. ಮೇಲಿನ ದರದಂತೆ ೧,೨೬೮ ರೂ. ೫೦ ಪೈಸೆ. ಆದರೆ ೧೦ ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ರಾಜ್ಯದಲ್ಲಿ ೨೦೦೮ರಿಂದ ಉಚಿತ ವಿದ್ಯುಚ್ಛಕ್ತಿಯನ್ನು ಕೊಡಲಾಗುತ್ತಿದೆ. ಬೇಸಾಯದ ಪಂಪಿಗೆ ನೀರಾವರಿ ವರ್ಗದಲ್ಲಿ ಪ್ರತ್ಯೇಕ ಸಂಪರ್ಕವನ್ನು ಪಡೆದವನಿಗೆ ಪಂಪಿನ ಬಿಲ್ಲೂ ಇಲ್ಲ, ಮನೆಯ ನೆರವಿಗೂ ಧಕ್ಕೆಯಿಲ್ಲ. ಎರಡು ಬೇರೆ ಬೇರೆ ನೆರವುಗಳನ್ನು ಒಂದೇ ಮೀಟರಿನಲ್ಲಿ ಬೆರೆಸಿ ಎರಡನ್ನೂ ಕಳೆದುಕೊಳ್ಳುವುದು ವಿವೇಕವಲ್ಲ.

ನೆರವಿನ ಹಣ ಎಲ್ಲಿಂದ ಬರುವುದು

ಕಾಪು ತಾಲೂಕಿನ ಎಲ್ಲೂರಿನಲ್ಲಿ ೨೦೧೦ರಲ್ಲಿ ಕೆಲಸವಾರಂಭಿಸಿದ, ಒಟ್ಟು ೧,೨೦೦ ಮೆಗಾವಾಟಿನ ಕಲ್ಲಿದ್ದಲ ವಿದ್ಯುತ್ ಸ್ಥಾವರವಿದೆ. ಕುಂದಾಪುರದ ಕಡೆ ಹೊಸಂಗಡಿಯಲ್ಲಿ ೪೬೦ ಮೆಗಾವಾಟಿನ ವಾರಾಹಿ ಜಲವಿದ್ಯುತ್ ಕೇಂದ್ರವಿದೆ. ತಮ್ಮ ಜಿಲ್ಲೆಯಲ್ಲಿಯೇ ಇಷ್ಟು ಶಕ್ತಿಯು ಹುಟ್ಟುವಾಗ ಬಿಲ್ಲು ಏಕೆಂದು ಕೇಳುವವರು ಉಂಟು. ಆದರೆ ಅಲ್ಲಿ ಹುಟ್ಟಿದ ಶಕ್ತಿಯು ರಾಜ್ಯದ ದೊಡ್ಡ ಜಾಲಕ್ಕೆ ಸೇರುವುದು. ಉಡುಪಿ ಜಿಲ್ಲೆಗೆ ಹಂಚುವ ಮಂಗಳೂರು ವಿದ್ಯುಚ್ಛಕ್ತಿ ಸರಬರಾಜು ಕಂಪೆನಿಯು, ಅಂದರೆ ಮೆಸ್ಕಾಂ, ತಾನು ಹಂಚುವುದನ್ನು ಕ್ರಯಕ್ಕೆ ಕೊಂಡುಕೊಳ್ಳಬೇಕು.

ಸರಕಾರವು ಒಂದು ವರ್ಗದವರಿಗೆ ದರದಲ್ಲಿ ರಿಯಾಯಿತಿ ಕೊಡಬಯಸಿದರೆ ಆ ಹಣವನ್ನು ಕಂಪೆನಿಗೆ ಮುಂಗಡವಾಗಿ ಸಲ್ಲಿಸಬೇಕೆಂದು ೨೦೦೩ರ ಶಾಸನದ ೬೫ನೆಯ ಕಲಮು ವಿಧಿಸಿರುವುದು. ಗೃಹಜ್ಯೋತಿಗೆಂದು ರಾಜ್ಯದ ೨೦೨೪-೨೫ರ ಆಯವ್ಯಯದಲ್ಲಿ ೯,೬೫೭ ಕೋಟಿ ರೂಪಾಯಿಗಳನ್ನು ಇಡಲಾಗಿತ್ತು. ಸೊನ್ನೆ ಬಿಲ್ಲಿನ ಮನೆಯ ಪ್ರತಿಯೊಂದು ಯೂನಿಟ್ಟಿಗೂ ಸಾರ್ವಜನಿಕರ ಬೊಕ್ಕಸದಿಂದ ಬೆಲೆ ಸಲ್ಲುತ್ತಿರುವುದೆಂದು ಇದರಿಂದ ತಿಳಿಯತಕ್ಕದ್ದು. ಹೀಗೆ ಹಣವು ಕೊಡಲ್ಪಡುತ್ತಿದ್ದು, ಯಾರಿಗಾಗಿ ಇದು ಮುಖ್ಯವಾಗಿ ಬೇಕೋ ಅಂಥ ಮನೆಯೇ ಮೀಟರಿನ ದೋಷದಿಂದ ಹೊರಗುಳಿದರೆ ಅದಕ್ಕಿಂತ ಶೋಚನೀಯವಾದುದಿಲ್ಲ.

ಬೇಸಗೆಯ ಬಿಲ್ಲು, ಮಳೆಗಾಲದ ಬಡತನ

ಮನೆಯ ಮಿತಿಯು ಇಡೀ ವರ್ಷದ ಸರಾಸರಿಯಿಂದ ಗೊತ್ತಾದುದು. ಆದರೆ ಬಳಕೆಯು ಎಲ್ಲ ತಿಂಗಳುಗಳಲ್ಲಿ ಒಂದೇ ಸಮನಾಗಿರುವುದಿಲ್ಲ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳುಗಳ ಸೆಕೆಗೆ ಫ್ಯಾನು ಹಗಲಿರುಳು ತಿರುಗುವುದು. ಆದುದರಿಂದ ವರ್ಷವಿಡೀ ಸೊನ್ನೆ ಬಿಲ್ಲು ಪಡೆದ ಮನೆಗೂ ಬೇಸಗೆಯಲ್ಲಿ ಹಣ ಕಟ್ಟಬೇಕಾದ ಬಿಲ್ಲು ಬರಬಹುದು. ಮೇ ತಿಂಗಳಿನ ಬಳಕೆಯ ಬಿಲ್ಲು ಕೈಸೇರುವುದು ಜೂನಿನಲ್ಲಿ. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾಪು, ಮಲ್ಪೆಗಳ ಅನೇಕ ಮನೆಗಳಲ್ಲಿ ಆಗ ಆದಾಯವೇ ಇರುವುದಿಲ್ಲ. ಮಕ್ಕಳ ಶಾಲೆಯ ಖರ್ಚು ಬರುವುದೂ ಆಗಲೇ. ಮೊಬಲಗು ಸಣ್ಣದು, ಬರುವ ಹೊತ್ತು ಕೆಟ್ಟದ್ದು.

ಸಣ್ಣ ಮೊಬಲಗನ್ನು ದಿನದಿನವೂ ಕೂಡಿಡುವ ವಿದ್ಯೆಯನ್ನು ಈ ಸೀಮೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ೧೯೨೫ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆಯು ೧೯೨೮ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡು ಆಣೆಯಷ್ಟನ್ನೂ ಸ್ವೀಕರಿಸಿತು. ಅದೇ ಕ್ರಮದಲ್ಲಿ ಊರಿನ ಸಹಕಾರಿ ಸಂಘದಲ್ಲಿಯೋ ಸ್ವಸಹಾಯ ಗುಂಪಿನಲ್ಲಿಯೋ ಜನವರಿಯಿಂದ ವಾರಕ್ಕೆ ೧೦ ರೂಪಾಯಿಯಂತೆ ದೀಪದ ಹಣವೆಂದು ಕೂಡಿಟ್ಟ ಮನೆಗೆ ಮೇ ತಿಂಗಳ ಕೊನೆಗೆ ೨೦೦ ರೂಪಾಯಿಗೆ ಮೇಲ್ಪಟ್ಟು ಹಣವಿರುವುದು. ಬೇಸಗೆಯ ಹೆಚ್ಚುವರಿಗೆ ಅದು ಬಹುಮಟ್ಟಿಗೆ ಸಾಕಾದೀತು.

ಬಿಲ್ಲು ಬಾಕಿಯಾದರೂ ಕೂಡಲೆ ತಂತಿ ಕಡಿಯುವಂತಿಲ್ಲ. ಶಾಸನದ ೫೬ನೆಯ ಕಲಮಿನ ಪ್ರಕಾರ ಪೂರ್ಣ ೧೫ ದಿನಗಳ ಲಿಖಿತ ನೋಟೀಸನ್ನು ಮೊದಲು ಕೊಡಬೇಕು. ಬಿಲ್ಲಿನ ಕುರಿತು ತಕರಾರು ಇದ್ದವನು ಕೇಳಿದ ಮೊಬಲಗನ್ನಾಗಲಿ, ಹಿಂದಿನ ಆರು ತಿಂಗಳುಗಳ ಸರಾಸರಿಯ ಮೇರೆಗಿನ ಮೊಬಲಗನ್ನಾಗಲಿ, ಇವುಗಳಲ್ಲಿ ಕಡಮೆಯಾದುದನ್ನು ಆಕ್ಷೇಪಣೆಯೊಡನೆ ಕಟ್ಟಿದರೆ ತೀರ್ಮಾನವಾಗುವವರೆಗೆ ಸಂಪರ್ಕವನ್ನು ಉಳಿಸಿಕೊಳ್ಳಬಹುದು. ಓದುಬರಹ ಬಾರದವರ ಕೈಗೆ ನೋಟೀಸು ಬಂದಾಗ ಅದನ್ನು ಓದಿ ಹೇಳುವ ಭಾರವು ಊರ ಮುಖಂಡರ ಮೇಲಿರುವುದು.

ಮಿತವಾದ ಬಳಕೆ

ಮಿತಿಯೊಳಗೆ ಉಳಿಯುವುದಕ್ಕೆ ಬಳಕೆಯಲ್ಲಿ ಎಚ್ಚರಿಕೆಯೂ ಬೇಕು. ೬೦ ವಾಟಿನ ಹಳೆಯ ಬಲ್ಬುಗಳು ಮೂರನ್ನು ದಿನಕ್ಕೆ ೫ ಗಂಟೆ ಉರಿಸಿದರೆ ತಿಂಗಳಿಗೆ ೨೭ ಯೂನಿಟ್ಟು; ಅವುಗಳ ಬದಲಿಗೆ ೯ ವಾಟಿನ ಎಲ್.ಇ.ಡಿ. ಬಲ್ಬುಗಳನ್ನು ಹಾಕಿದರೆ ೪ ಯೂನಿಟ್ಟು ಮಾತ್ರ. ೭೫ ವಾಟಿನ ಫ್ಯಾನು ದಿನಕ್ಕೆ ೧೦ ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್ಟು. ೨,೦೦೦ ವಾಟಿನ ಗೀಸರನ್ನು ದಿನಕ್ಕೆ ಅರ್ಧ ಗಂಟೆ ಹಾಕಿದರೆ ೩೦ ಯೂನಿಟ್ಟು. ತೆಂಗಿನ ಮಡಲು, ಕೊತ್ತಳಿಗೆ, ಗೆರಟೆಗಳು ತೋಟದಲ್ಲಿ ಬೇಕಾದಷ್ಟು ಬೀಳುವ ಈ ಸೀಮೆಯಲ್ಲಿ ಮೀಯುವ ನೀರನ್ನು ಬಚ್ಚಲಿನ ಹಂಡೆಯಲ್ಲಿಯೇ ಕಾಯಿಸುವುದು ಮೇಲು. ಹಾಗೆ ಬಿದ್ದುದನ್ನು ಆಯ್ದುಕೊಳ್ಳಲು ಕೆಲಸದವರಿಗೆ ಭೂಮಾಲಿಕರು ಅನುಮತಿ ಕೊಟ್ಟರೆ ಅದೂ ಒಂದು ನೆರವೇ.

ಅಡಿಗೆಯ ಅನಿಲಕ್ಕೆ ಬೇರೆ ಏರ್ಪಾಡಿದೆ. ೨೦೧೬ರಲ್ಲಿ ಆರಂಭವಾದ ಕೇಂದ್ರದ ಉಜ್ವಲಾ ಯೋಜನೆಯ ಮೂಲಕ ಬಡ ಸಂಸಾರಗಳ ಹೆಂಗಸರ ಹೆಸರಿನಲ್ಲಿ ಸಂಪರ್ಕವನ್ನು ಕೊಡಲಾಯಿತು. ೨೦೨೩ರ ಅಕ್ಟೋಬರಿನಲ್ಲಿ ಆ ಸಂಪರ್ಕದ ಸಿಲಿಂಡರಿನ ಸಹಾಯಧನವನ್ನು ೩೦೦ ರೂಪಾಯಿಗೆ ಏರಿಸಲಾಯಿತು. ನಾಲ್ಕೈದು ಹಸುಗಳಿರುವ ಮನೆಯಲ್ಲಿ ದಿನಕ್ಕೆ ೫೦ ಕಿಲೋಗ್ರಾಮಿನಷ್ಟು ಸೆಗಣಿ ದೊರೆಯುವುದಾದರೆ ಎರಡು ಘನಮೀಟರಿನ ಗೋಬರ್ ಗ್ಯಾಸ್ ಸ್ಥಾವರವು ಒಂದು ಸಂಸಾರದ ಅಡಿಗೆಗೆ ಒದಗುವುದಲ್ಲದೆ, ಉಳಿದ ಬಗ್ಗಡವು ತೋಟಕ್ಕೆ ಉತ್ತಮ ಗೊಬ್ಬರವಾಗುವುದು.

ತಿಂಗಳಿಗೆ ೨೦೦ ಯೂನಿಟ್ಟನ್ನು ಎಂದೂ ಮೀರುವ ದೊಡ್ಡ ಮನೆಗಳವರು ಗೃಹಜ್ಯೋತಿಯ ಆಸೆಯನ್ನು ಬಿಟ್ಟು ಸೂರ್ಯಶಕ್ತಿಯ ಕಡೆ ನೋಡುವುದು ಲೇಸು. ೨೦೨೪ರಲ್ಲಿ ಕೇಂದ್ರವು ಆರಂಭಿಸಿದ ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿನ ಮೇಲೆ ಹಾಕಿಸುವ ೧ ಕಿಲೋವಾಟಿನ ಸ್ಥಾವರಕ್ಕೆ ೩೦,೦೦೦ ರೂ., ೨ ಕಿಲೋವಾಟಿಗೆ ೬೦,೦೦೦ ರೂ., ೩ ಕಿಲೋವಾಟು ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ ೭೮,೦೦೦ ರೂ. ಸಹಾಯಧನವಿರುವುದು. ಒಂದು ಕಿಲೋವಾಟಿನಿಂದ ಬಿಸಿಲಿನ ದಿನಗಳಲ್ಲಿ ಸುಮಾರು ೪ ಯೂನಿಟ್ಟು ದೊರೆಯುವುದು. ಮಳೆಗಾಲದಲ್ಲಿ ಕಡಮೆಯೆಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮುಖಂಡರು ಮಾಡತಕ್ಕ ಕೆಲಸ

ಮೇಲೆ ಹೇಳಿದುದರ ಸಾರಾಂಶವು ಇಷ್ಟು. ಪ್ರತಿಯೊಬ್ಬ ಭೂಮಾಲಿಕನೂ ಮೊದಲು ತನ್ನ ಮೀಟರಿನಿಂದ ಎಷ್ಟು ಮನೆಗಳಿಗೆ, ಎಷ್ಟು ಪಂಪುಗಳಿಗೆ ತಂತಿ ಹೋಗಿದೆಯೆಂದು ನೋಡತಕ್ಕದ್ದು. ಕೆಲಸದವರ ಮನೆಗಳಿಗೆ ಪ್ರತ್ಯೇಕ ಮೀಟರನ್ನೂ, ತೋಟದ ಪಂಪಿಗೆ ನೀರಾವರಿ ಸಂಪರ್ಕವನ್ನೂ ಪಡೆಯಲು ಮೆಸ್ಕಾಂ ಕಚೇರಿಗೆ ಅರ್ಜಿ ಕೊಡತಕ್ಕದ್ದು. ೨೦೨೪ರ ನಿಯಮಗಳ ಮೇರೆಗೆ ಹಳ್ಳಿಗಳಲ್ಲಿ ಹೊಸ ಸಂಪರ್ಕವನ್ನು ೧೫ ದಿನಗಳೊಳಗೆ ಕೊಡಬೇಕೆಂದಿದೆ. ಮೀಟರು ಬಂದ ಮೇಲೆ ಮನೆಯವನನ್ನು ಆಧಾರ್ ಚೀಟಿಯೊಡನೆ ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಕಳುಹಿಸಿ ಸೇವಾ ಸಿಂಧುವಿನಲ್ಲಿ ನೋಂದಾಯಿಸತಕ್ಕದ್ದು. ಸಂದೇಹವಿದ್ದರೆ ೧೯೧೨ ಸಂಖ್ಯೆಗೆ ದೂರವಾಣಿಯ ಮೂಲಕ ವಿಚಾರಿಸಬಹುದು. ಪಂಚಾಯತಿನ ಅಧ್ಯಕ್ಷರೂ ಸದಸ್ಯರೂ ತಮ್ಮ ವಾರ್ಡಿನಲ್ಲಿ ಸ್ವಂತ ಮೀಟರಿಲ್ಲದ ಮನೆಗಳೆಷ್ಟು, ಮೀಟರಿದ್ದೂ ನೋಂದಣಿಯಿಲ್ಲದ ಮನೆಗಳೆಷ್ಟು ಎಂಬ ಪಟ್ಟಿಯನ್ನು ಮಾಡಿ ಗ್ರಾಮಸಭೆಯಲ್ಲಿ ಓದಿಸಿದರೆ ಕೆಲಸವು ಬೇಗನೆ ಸಾಗುವುದು.

ಇದರಲ್ಲಿ ಭೂಮಾಲಿಕರಿಗೆ ಬರುವ ಖರ್ಚು ಹೆಚ್ಚಿನದಲ್ಲ. ಮೇಲಿನ ಲೆಕ್ಕವನ್ನು ನೋಡಿದರೆ ಹಲವರಿಗೆ ಉಳಿತಾಯವೇ ಆಗುವುದು. ಈ ಕೆಲಸವನ್ನು ಬರುವ ಬೇಸಗೆಗೆ ಮೊದಲೇ ಮುಗಿಸುವುದು ಉತ್ತಮ. ಆಗ ಜೂನ್ ತಿಂಗಳ ಮೊದಲ ಮಳೆಗೆ ನೇಜಿ ಹಾಕಲು ಬರುವವರ ಮನೆಗಳಲ್ಲಿ ದೀಪವಿರುವುದು.